ಒಂದೇ ಕಾರ್ಬನ್‌ನ ಕೊಂಡಿ

ಈ ಪುಟವನ್ನು ನೀವು ಎಲ್ಲಿ ಕೂತು ಓದುತ್ತಿದ್ದೀರೋ ಅಲ್ಲೇ ಒಮ್ಮೆ ಸುತ್ತ ಕಣ್ಣಾಡಿಸಿ. ಪೇಪರ್ ಇಟ್ಟುಕೊಂಡ ಟೇಬಲ್ಲು ಪ್ಲೈವುಡ್ಡಿನದೇ? ಅದರ ಮೇಲೆ ಸನ್‌ಮೈಕಾ ಅಂಟಿಸಿದೆಯೇ? ಮೆಸ್ಸಿನಲ್ಲಿ ಊಟಕ್ಕೆ ಕೊಡುವ ತಟ್ಟೆ ಮೆಲಮೈನಿನದೇ? ಅಡುಗೆಮನೆಯ ಕುಕ್ಕರ್‌ಗೆ ಕಪ್ಪು ಬಣ್ಣದ, ಬಿಸಿಯಾಗದ ಹಿಡಿ ಇದೆಯೇ? ಇಂಟರ್‌ವ್ಯೂಗೆಂದು ಸುಕ್ಕುಗಟ್ಟದ ಅಂಗಿ ಕೊಂಡಿದ್ದೀರಾ? ಇವುಗಳಲ್ಲಿ ಯಾವುದಾದರೊಂದಕ್ಕೆ ಹೌದು ಎಂದರೂ ಸಾಕು, ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ನಿಮ್ಮ ನೆರೆಯಲ್ಲೇ ಇದೆ.

ಆದರೆ ಈ ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವುದು ಎರಡೇ ಸಂಗತಿ. ಒಂದು, ಮೆಡಿಕಲ್ ಕಾಲೇಜಿನ ಅನಾಟಮಿ ಹಾಲ್‌ನಲ್ಲಿ ಕಣ್ಣುರಿಸುವ ವಾಸನೆ. ಇನ್ನೊಂದು, 'ಮೀನಿಗೆ ಫಾರ್ಮಲಿನ್' ಎಂದು ಆಗಾಗ ಬರುವ ಸುದ್ದಿ. ನಾನು ಕೆಮಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಈ ಅಣುವಿನ ಬಗ್ಗೆ ಓದುತ್ತಾ ಹೋದಂತೆ ನನಗೆ ಅರ್ಥವಾದದ್ದು ಇಷ್ಟು: ಇದರ ಉಪಕಾರ ಮತ್ತು ಅಪಾಯ ಎರಡೂ ಹುಟ್ಟುವುದು ಒಂದೇ ಗುಣದಿಂದ. ಎದುರಿಗೆ ಸಿಕ್ಕಿದ್ದನ್ನು ಹಿಡಿದು ಒಂದಕ್ಕೊಂದು ಕಟ್ಟಿಹಾಕುವ ಗುಣ ಅದು. ಮರದ ಪದರಗಳನ್ನು ಕಟ್ಟಿಹಾಕಿದರೆ ಪ್ಲೈವುಡ್, ರೋಗಾಣುವನ್ನು ಕಟ್ಟಿಹಾಕಿದರೆ ಲಸಿಕೆ, ನಮ್ಮ ಮೂಗಿನೊಳಗಿನ ಜೀವಕೋಶವನ್ನು ಕಟ್ಟಿಹಾಕಿದರೆ ಕಾಯಿಲೆ.

ಇರುವೆ ಕೊಟ್ಟ ಹೆಸರು

ಮಲೆನಾಡಿನವರಿಗೆ ಚಗಳಿ ಇರುವೆ ಗೊತ್ತು. ಕಚ್ಚಿದರೆ ಉರಿ, ಚಟ್ನಿ ಮಾಡಿದರೆ ಹುಳಿ. ಆ ಉರಿಗೂ ಹುಳಿಗೂ ಕಾರಣ ಫಾರ್ಮಿಕ್ ಆಮ್ಲ. ಲ್ಯಾಟಿನ್ನಿನಲ್ಲಿ ಇರುವೆಗೆ 'ಫಾರ್ಮಿಕಾ' ಎನ್ನುತ್ತಾರೆ, ಆಮ್ಲಕ್ಕೆ ಆ ಹೆಸರು ಬಂದದ್ದು ಅಲ್ಲಿಂದ. ಫಾರ್ಮಾಲ್ಡಿಹೈಡ್‌ಗೆ ಇನ್ನೊಂದಿಷ್ಟು ಆಕ್ಸಿಜನ್ ಸೇರಿಸಿದರೆ ಫಾರ್ಮಿಕ್ ಆಮ್ಲವಾಗುತ್ತದೆ. ಹಾಗಾಗಿ ಇದಕ್ಕೂ ಇರುವೆಯ ಹೆಸರೇ ಅಂಟಿಕೊಂಡಿತು.

ಅಣು ತೀರಾ ಚಿಕ್ಕದು. ಒಂದು ಕಾರ್ಬನ್, ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಅಷ್ಟೇ. ಆಲ್ಡಿಹೈಡ್ ಎಂಬ ದೊಡ್ಡ ಕುಟುಂಬದಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲ. ಕುದಿಬಿಂದು ಮೈನಸ್ 19 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಹವೆಯಲ್ಲಿ ಇದು ಬಣ್ಣವಿಲ್ಲದ, ಮೂಗಿಗೆ ರಪ್ಪನೆ ಬಡಿಯುವ ಅನಿಲ. ರಷ್ಯಾದ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಬಟ್ಲೆರೋವ್ 1859ರಲ್ಲೇ ಇದನ್ನು ತಯಾರಿಸಿದ್ದರು. ಜರ್ಮನಿಯ ಆಗಸ್ಟ್ ವಿಲ್ಹೆಲ್ಮ್ ಫಾನ್ ಹಾಫ್‌ಮನ್ 1867ರಲ್ಲಿ ಮೆಥನಾಲ್ ಆವಿ ಮತ್ತು ಗಾಳಿಯನ್ನು ಕಾದ ಪ್ಲಾಟಿನಂ ತಂತಿಯ ಮೇಲೆ ಹಾಯಿಸಿ, ಬಂದ ಅನಿಲ ಇದೇ ಎಂದು ಖಚಿತಪಡಿಸಿದರು. ಸ್ವಾರಸ್ಯವೆಂದರೆ ಇಂದಿನ ಕಾರ್ಖಾನೆಗಳೂ ಮಾಡುವುದು ಇದನ್ನೇ. ಮೆಥನಾಲ್, ಗಾಳಿ, ಕಾದ ಲೋಹ. ಪ್ಲಾಟಿನಂ ಜಾಗಕ್ಕೆ ಮಾತ್ರ ಬೇರೆ ಬಂದಿದೆ.

ಇನ್ನೊಂದು ಮಾತು. ಇದು ಮನುಷ್ಯ ಸೃಷ್ಟಿಸಿದ ವಿಷವಲ್ಲ. 1969ರಲ್ಲಿ ಖಗೋಳ ವಿಜ್ಞಾನಿಗಳು ನಕ್ಷತ್ರಗಳ ನಡುವಿನ ಬಾಹ್ಯಾಕಾಶದಲ್ಲೂ ಇದನ್ನು ಪತ್ತೆಹಚ್ಚಿದರು. ನಮ್ಮ ರಕ್ತದಲ್ಲೂ ಪ್ರತಿ ಲೀಟರ್‌ಗೆ ಸುಮಾರು ಎರಡೂವರೆ ಮಿಲಿಗ್ರಾಂನಷ್ಟು ಸದಾ ಇರುತ್ತದೆ. ದೇಹ ತಾನೇ ತಯಾರಿಸುತ್ತದೆ, ತಾನೇ ಕೆಲವೇ ನಿಮಿಷಗಳಲ್ಲಿ ಕರಗಿಸಿಕೊಳ್ಳುತ್ತದೆ.

ಬೆಂಕಿಯ ಎರಡು ದಡ

ಕಾರ್ಖಾನೆಯಲ್ಲಿ ಇದನ್ನು ಮಾಡುವ ಬಗೆ ನನಗೆ ಬಹಳ ಇಷ್ಟವಾದ ಪಾಠ. ಯಾಕೆಂದರೆ ಇಲ್ಲಿ ನಾವು ತರಗತಿಯಲ್ಲಿ ಬೇರೆಬೇರೆ ಪೇಪರ್‌ಗಳಾಗಿ ಓದುವ ಎಲ್ಲವೂ ಒಂದೇ ಕಡೆ ಸೇರುತ್ತವೆ.

ಕಚ್ಚಾವಸ್ತು ಮೆಥನಾಲ್. ಜಗತ್ತಿನಲ್ಲಿ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತಯಾರಾಗುತ್ತದೆ. ನಮ್ಮ ದೇಶಕ್ಕೆ ಬೇಕಾದ ಮೆಥನಾಲ್‌ನ ಬಹುಪಾಲು ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಈಗ ಒಂದು ತೊಂದರೆ ನೋಡಿ. ಮೆಥನಾಲ್ ಆವಿ ಗಾಳಿಯಲ್ಲಿ ಸುಮಾರು ಶೇ 6ರಿಂದ ಶೇ 36ರವರೆಗೆ ಬೆರೆತಿದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆದರೆ ನಮಗೆ ಬೇಕಾದ ಕ್ರಿಯೆ ನಡೆಯಬೇಕಾದರೆ ಮೆಥನಾಲ್ ಮತ್ತು ಗಾಳಿ ಬಿಸಿಯಲ್ಲಿ ಬೆರೆಯಲೇಬೇಕು. ಹಾಗಾದರೆ ಏನು ಮಾಡುವುದು?

ಇದಕ್ಕೆ ಎರಡು ಉತ್ತರಗಳಿವೆ, ಎರಡೂ ಇಂದು ಬಳಕೆಯಲ್ಲಿವೆ. ಒಂದು ಬೆಳ್ಳಿಯ ದಾರಿ. ಇಲ್ಲಿ ಮೆಥನಾಲ್ ಎಷ್ಟು ಹೆಚ್ಚಿರುತ್ತದೆ ಎಂದರೆ ಮಿಶ್ರಣ ಸ್ಫೋಟದ ವಲಯದ ಆಚೆ ದಡದಲ್ಲಿರುತ್ತದೆ. ಉರಿಯಲು ಬೇಕಾದಷ್ಟು ಗಾಳಿಯೇ ಇಲ್ಲ. ಇದನ್ನು ಒಂದರಿಂದ ಮೂರು ಸೆಂಟಿಮೀಟರ್ ದಪ್ಪ ಹರಡಿದ ಬೆಳ್ಳಿಯ ಹರಳುಗಳ ಮೂಲಕ ಹಾಯಿಸುತ್ತಾರೆ. ಬಿಸಿ 600ರಿಂದ 700 ಡಿಗ್ರಿಯಷ್ಟು. ಬೆಳ್ಳಿ ಖರ್ಚಾಗುವುದಿಲ್ಲ, ಕ್ರಿಯೆಯನ್ನು ಚುರುಕುಗೊಳಿಸುತ್ತದೆ ಅಷ್ಟೇ. ಅದಕ್ಕೇ ಅದನ್ನು ವೇಗವರ್ಧಕ ಎನ್ನುವುದು.

ಇನ್ನೊಂದು ಆಕ್ಸೈಡ್ ದಾರಿ. ಇಲ್ಲಿ ಗಾಳಿ ಧಾರಾಳ, ಮೆಥನಾಲ್ ಕಡಿಮೆ. ಮಿಶ್ರಣ ಸ್ಫೋಟದ ವಲಯದ ಈಚೆ ದಡದಲ್ಲಿರುತ್ತದೆ. ಬೆಳ್ಳಿಯ ಬದಲು ಕಬ್ಬಿಣ ಮತ್ತು ಮಾಲಿಬ್ಡಿನಂ ಆಕ್ಸೈಡ್‌ಗಳನ್ನು ತುಂಬಿದ ಸಾವಿರಾರು ಕೊಳವೆಗಳು. ಬಿಸಿ 250ರಿಂದ 400 ಡಿಗ್ರಿ. ನದಿಯ ನಡುವೆ ಸುಳಿ ಇದ್ದರೆ ದೋಣಿಯವನು ಈ ದಡ ಇಲ್ಲವೇ ಆ ದಡ ಹಿಡಿದು ಹೋಗುತ್ತಾನಲ್ಲ, ಹಾಗೆ.

ಬೆಳ್ಳಿಯ ದಾರಿಯಲ್ಲಿ ಇನ್ನೊಂದು ಸವಾಲಿದೆ. ಅಷ್ಟು ಬಿಸಿಯಲ್ಲಿ ಹುಟ್ಟಿದ ಫಾರ್ಮಾಲ್ಡಿಹೈಡ್ ಹಾಗೇ ಬಿಟ್ಟರೆ ಒಡೆದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿಬಿಡುತ್ತದೆ. ಆದ್ದರಿಂದ ಅನಿಲ ಬೆಳ್ಳಿಯ ಪದರದಲ್ಲಿ ಇರುವುದು ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟೂ ಇಲ್ಲ. ಹೊರಬಿದ್ದ ತಕ್ಷಣ, ಪದರದ ಕೆಳಗೇ ಕಾದಿರುವ ಬಾಯ್ಲರ್ ಕೊಳವೆಗಳಿಗೆ ತಗುಲಿ ತಣ್ಣಗಾಗುತ್ತದೆ. ಆ ಬಿಸಿ ಹಾಳಾಗದೆ ಹಬೆಯಾಗಿ ಕಾರ್ಖಾನೆಗೇ ವಾಪಸ್ ಬರುತ್ತದೆ. ತಣಿದ ಅನಿಲವನ್ನು ಎತ್ತರದ ಗೋಪುರದಲ್ಲಿ ಮೇಲಿನಿಂದ ಸುರಿಯುವ ನೀರಿಗೆ ಒಡ್ಡಿದರೆ ಕರಗಿ ಕೆಳಗಿಳಿಯುತ್ತದೆ. ತೂಕದಲ್ಲಿ ಸುಮಾರು ಶೇ 37ರಷ್ಟು ಫಾರ್ಮಾಲ್ಡಿಹೈಡ್ ಇರುವ ಈ ದ್ರಾವಣವೇ ಅಂಗಡಿಯಲ್ಲಿ ಸಿಗುವ ಫಾರ್ಮಲಿನ್.

ಕ್ಯಾಲ್ಕುಲೇಟರ್ ಇದ್ದರೆ ಒಂದು ಲೆಕ್ಕ ಮಾಡೋಣ. ಒಂದು ಟನ್ ಫಾರ್ಮಲಿನ್‌ನಲ್ಲಿ 370 ಕಿಲೋ ಫಾರ್ಮಾಲ್ಡಿಹೈಡ್ ಇರುತ್ತದೆ. ಅಣುತೂಕ ಮೆಥನಾಲ್‌ಗೆ 32, ಫಾರ್ಮಾಲ್ಡಿಹೈಡ್‌ಗೆ 30. ಅಂದರೆ ಒಂದು ಹನಿಯೂ ವ್ಯರ್ಥವಾಗದಿದ್ದರೆ ಬೇಕಾದ ಮೆಥನಾಲ್ ಸುಮಾರು 395 ಕಿಲೋ. ಇಳುವರಿ ಶೇ 92 ಇದ್ದರೆ 429 ಕಿಲೋ, ಶೇ 91ಕ್ಕೆ ಇಳಿದರೆ 434 ಕಿಲೋ. ಶೇ 1ರ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ದಿನಕ್ಕೆ ನೂರು ಟನ್ ಮಾಡುವ ಘಟಕದಲ್ಲಿ ಅದು ದಿನಕ್ಕೆ ಅರ್ಧ ಟನ್ ಹತ್ತಿರ ಮೆಥನಾಲ್ ನಷ್ಟ. ಬೆಳ್ಳಿಗೆ ಸ್ವಲ್ಪ ಗಂಧಕದ ಅಂಶ ತಗುಲಿದರೂ ಇಳುವರಿ ಬೀಳುತ್ತದೆ. ಇಂಥ ಶೇ 1 ಅನ್ನು ಕಾಯುವುದಕ್ಕೇ ನಮ್ಮಂಥವರಿಗೆ ಸಂಬಳ ಕೊಡುತ್ತಾರೆ.

ಫಾರ್ಮಲಿನ್‌ನ ಮೂರನೇ ಎರಡರಷ್ಟು ಭಾಗ ಬರೀ ನೀರು. ಚಳಿ ಹೆಚ್ಚಾದರೆ ಅಣುಗಳು ಒಂದಕ್ಕೊಂದು ಸರಪಳಿಯಾಗಿ ಹೆಣೆದು ತಳದಲ್ಲಿ ಬಿಳಿ ಪುಡಿಯಾಗಿ ಕೂರುತ್ತವೆ. ಹಾಗಾಗದಂತೆ ಸ್ವಲ್ಪ ಮೆಥನಾಲ್ ಬೆರೆಸಿರುತ್ತಾರೆ. ಇಷ್ಟೊಂದು ನೀರನ್ನು ಲಾರಿಯಲ್ಲಿ ದೂರ ಹೊರುವುದು ಯಾರಿಗೂ ಲಾಭವಲ್ಲ. ಅದಕ್ಕೇ ಫಾರ್ಮಾಲ್ಡಿಹೈಡ್ ಘಟಕಗಳು ಅಂಟು ಮತ್ತು ಪ್ಲೈವುಡ್ ಕಾರ್ಖಾನೆಗಳ ಮಗ್ಗುಲಲ್ಲೇ ಇರುತ್ತವೆ. ಉತ್ತರದಲ್ಲಿ ಪಾಪ್ಲರ್ ಮರದ ಪ್ಲೈವುಡ್‌ಗೆ ಹೆಸರಾದ ಹರಿಯಾಣದ ಯಮುನಾನಗರದ ಆಸುಪಾಸಿನಲ್ಲಿ ಇಂಥ ಘಟಕಗಳು ಎದ್ದಿರುವುದಕ್ಕೆ ಇದೂ ಒಂದು ಕಾರಣ.

ಕೈಚಾಚುವ ಅಣು

ಇಷ್ಟು ಚಿಕ್ಕ ಅಣುವಿಗೆ ಇಷ್ಟು ಬೇಡಿಕೆ ಯಾಕೆ? ಅದರ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕಾರ್ಬನ್ ಬಡವಾಗುತ್ತದೆ. ಬೇರೆ ಆಲ್ಡಿಹೈಡ್‌ಗಳಲ್ಲಿ ಆ ಕಾರ್ಬನ್ ಪಕ್ಕ ದಪ್ಪನೆಯ ಗುಂಪೊಂದು ಅಡ್ಡ ನಿಂತಿರುತ್ತದೆ. ಇಲ್ಲಿ ಎರಡು ಪುಟ್ಟ ಹೈಡ್ರೋಜನ್ ಮಾತ್ರ. ಬಾಗಿಲು ತೆರೆದ ಮನೆಯಂತೆ. ಎಲೆಕ್ಟ್ರಾನ್ ಕೊಡಬಲ್ಲ ಯಾವುದೇ ಅಣು, ಮುಖ್ಯವಾಗಿ ನೈಟ್ರೋಜನ್ ಇರುವ ಅಮೈನ್ ಗುಂಪು, ಬಂದು ಇದಕ್ಕೆ ಕೂಡಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಬದಿಯಿಂದ ಮತ್ತೊಂದು ಅಣು ಬರುತ್ತದೆ, ನೀರು ಹೊರಬೀಳುತ್ತದೆ, ಎರಡು ಅಣುಗಳ ನಡುವೆ ಒಂದೇ ಕಾರ್ಬನ್‌ನ ಕೊಂಡಿ ಉಳಿಯುತ್ತದೆ.

ನಾವು ಗದ್ದೆಗೆ ಹಾಕುವ ಯೂರಿಯಾದಲ್ಲಿ ಅಂಥ ಅಮೈನ್ ಗುಂಪು ಎರಡಿವೆ. ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಕಾಯಿಸಿದರೆ ಕೊಂಡಿಯ ಮೇಲೆ ಕೊಂಡಿ ಬೆಳೆದು ಬಲೆಯಾಗುತ್ತದೆ. ಆ ಅಂಟಿನಿಂದಲೇ ಮಾಮೂಲಿ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಆಗುವುದು. ಯೂರಿಯಾ ಬದಲು ಮೆಲಮೈನ್ ಹಾಕಿದರೆ ಗಟ್ಟಿ ತಟ್ಟೆ, ಸನ್‌ಮೈಕಾದ ಮೇಲ್ಪದರ. ಫೀನಾಲ್ ಹಾಕಿದರೆ ಕಂದು ಬಣ್ಣದ, ನೀರಿಗೆ ಜಗ್ಗದ ಅಂಟು. 1907ರಲ್ಲಿ ಅಮೆರಿಕದಲ್ಲಿದ್ದ ಬೆಲ್ಜಿಯಂ ಮೂಲದ ಲಿಯೊ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಅನ್ನು ಬಿಸಿ ಮತ್ತು ಒತ್ತಡದಲ್ಲಿ ಹದಮಾಡಿ ಬೇಕಲೈಟ್ ತಯಾರಿಸಿದರು. ಪೂರ್ತಿಯಾಗಿ ಕೃತಕವಾದ ಮೊದಲ ಪ್ಲಾಸ್ಟಿಕ್ ಅದು. ಹಳೆಯ ಟೆಲಿಫೋನು, ರೇಡಿಯೋ ಪೆಟ್ಟಿಗೆ, ಸ್ವಿಚ್ಚು ಎಲ್ಲವೂ ಅದರದೇ.

ಪ್ಲೈವುಡ್ ಅಂಗಡಿಯಲ್ಲಿ 'ಎಂಆರ್' ಎಂದರೆ ಸಾಮಾನ್ಯವಾಗಿ ಯೂರಿಯಾ ಅಂಟು; 'ಮೆರೈನ್' ಎಂದರೆ ಫೀನಾಲ್ ಅಂಟು. ಎರಡನೆಯದನ್ನು 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು ಎಂಬುದು ಭಾರತೀಯ ಮಾನಕದ ಪರೀಕ್ಷೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹುಳುಮನೆಯ ಫಾರ್ಮಲಿನ್

ನಾನು ಶಿಡ್ಲಘಟ್ಟದ ಕಡೆಯವಳು. ನಮ್ಮಲ್ಲಿ ರೇಷ್ಮೆ ಸಾಕುವ ಮನೆಗಳಲ್ಲಿ ಫಾರ್ಮಲಿನ್ ಎಂಬ ಮಾತು ಸೋಪು, ಸುಣ್ಣ ಎಂಬಷ್ಟೇ ಮಾಮೂಲಿ. ಒಂದು ಬೆಳೆ ಮುಗಿದು ಇನ್ನೊಂದು ಚಾಕಿ ಬರುವ ಮೊದಲು ಹುಳುಮನೆ, ತಟ್ಟೆ, ಚಂದ್ರಿಕೆ ಎಲ್ಲವನ್ನೂ ಶೇ 2ರ ಫಾರ್ಮಲಿನ್‌ನಿಂದ ತೊಯ್ಯಿಸಿ, ಬಾಗಿಲು ಕಿಟಕಿ ಸಂದು ಮುಚ್ಚಿ ಒಂದು ದಿನ ಬಿಡುತ್ತಾರೆ. ಒಂದು ಲೀಟರ್ ಫಾರ್ಮಲಿನ್‌ಗೆ ಹದಿನೇಳು ಲೀಟರ್ ನೀರು ಎಂಬ ಲೆಕ್ಕ ನನಗೆ ಪಿಯುಸಿ ಕೆಮಿಸ್ಟ್ರಿಗಿಂತ ಮೊದಲೇ ಬಾಯಿಪಾಠವಿತ್ತು. ಶೇ 36ರ ದ್ರಾವಣವನ್ನು ಶೇ 2ಕ್ಕೆ ಇಳಿಸಬೇಕೆಂದರೆ ಹದಿನೆಂಟು ಪಾಲು ಮಾಡಬೇಕು, ಅದರಲ್ಲಿ ಒಂದು ಪಾಲು ಫಾರ್ಮಲಿನ್, ಹದಿನೇಳು ನೀರು ಎಂಬುದು ಆಮೇಲೆ ಅರ್ಥವಾಯಿತು.

ಅಲ್ಲಿ ನಡೆಯುವುದೂ ಅದೇ ಕೊಂಡಿಯ ಕೆಲಸ. ರೋಗಾಣುವಿನ ಪ್ರೋಟೀನುಗಳಲ್ಲೂ ಅಮೈನ್ ಗುಂಪುಗಳಿವೆ. ಫಾರ್ಮಾಲ್ಡಿಹೈಡ್ ಅವನ್ನು ಒಂದಕ್ಕೊಂದು ಹೊಲಿದುಬಿಟ್ಟರೆ ರೋಗಾಣು ಅಲ್ಲಾಡಲಾರದು, ವೃದ್ಧಿಯಾಗಲಾರದು. ಸಪ್ಪೆರೋಗವೋ ಹಾಲುರೋಗವೋ ಬಂದು ಒಂದು ಬೆಳೆ ಹೋದರೆ ಮನೆಯಲ್ಲಿ ಮೂರು ತಿಂಗಳು ಮಾತು ಕಡಿಮೆಯಾಗುತ್ತದೆ ಎಂಬುದು ರೇಷ್ಮೆ ಬೆಳೆಗಾರರ ಮಕ್ಕಳಿಗೆಲ್ಲ ಗೊತ್ತು. ನನ್ನ ಕಾಲೇಜಿನ ಫೀಜು ಗೂಡಿನ ದುಡ್ಡಿನಿಂದ ಬಂದದ್ದು. ಅದರಲ್ಲಿ ಈ ಫಾರ್ಮಲಿನ್‌ನದೂ ಪಾಲಿದೆ ಎಂದರೆ ತಪ್ಪಲ್ಲ.

ಇದೇ ಗುಣವನ್ನು ವೈದ್ಯವಿಜ್ಞಾನ ಬಹಳ ಹಿಂದೆಯೇ ಕಂಡುಕೊಂಡಿತು. 1893ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ವೈದ್ಯ ಫರ್ಡಿನಾಂಡ್ ಬ್ಲಮ್ ಫಾರ್ಮಲಿನ್ ಅನ್ನು ಸೋಂಕುನಾಶಕವಾಗಿ ಪರೀಕ್ಷಿಸುತ್ತಿದ್ದಾಗ ತಮ್ಮ ಬೆರಳ ತುದಿಯ ಚರ್ಮ ಗಡುಸಾದದ್ದನ್ನು ಗಮನಿಸಿದರು. ಅಂಗಾಂಶಗಳನ್ನು ಕೆಡದಂತೆ ಇಡಲು ಇದನ್ನೇಕೆ ಬಳಸಬಾರದು ಎಂಬ ಯೋಚನೆ ಹುಟ್ಟಿದ್ದು ಆಗ. ಇಂದಿಗೂ ಬಯಾಪ್ಸಿಗೆ ತೆಗೆದ ಚೂರು ಮೊದಲು ಬೀಳುವುದು ಫಾರ್ಮಲಿನ್ ಡಬ್ಬಿಗೆ. 1923ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಗ್ಯಾಸ್ಟನ್ ರಾಮೋನ್ ಡಿಫ್ತೀರಿಯಾ ವಿಷಕ್ಕೆ ಫಾರ್ಮಲಿನ್ ಮತ್ತು ಹದವಾದ ಬಿಸಿ ಕೊಟ್ಟು ಅದರ ಹಲ್ಲು ಕಿತ್ತರು. ವಿಷ ಹೋಯಿತು, ರೋಗನಿರೋಧಕ ಶಕ್ತಿ ಹುಟ್ಟಿಸುವ ಗುಣ ಉಳಿಯಿತು. 1955ರಲ್ಲಿ ಬಂದ ಜೋನಸ್ ಸಾಲ್ಕ್ ಅವರ ಪೋಲಿಯೋ ಲಸಿಕೆಯಲ್ಲೂ ವೈರಸ್ಸನ್ನು ನಿಷ್ಕ್ರಿಯಗೊಳಿಸಿದ್ದು ಫಾರ್ಮಾಲ್ಡಿಹೈಡ್. 'ಲಸಿಕೆಯಲ್ಲಿ ಹೆಣಕ್ಕೆ ಹಾಕುವ ಕೆಮಿಕಲ್ ಇದೆ' ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಇದನ್ನು ನೆನಪಿಸಿಕೊಳ್ಳಿ. ತಯಾರಿಕೆಯ ಕೊನೆಗೆ ಲಸಿಕೆಯಲ್ಲಿ ಉಳಿಯಬಹುದಾದ ಅಂಶ ನಮ್ಮ ದೇಹದಲ್ಲಿ ಸದಾ ಇರುವುದಕ್ಕಿಂತ ಬಹಳ ಕಡಿಮೆ.

ಬಿಟ್ಟುಕೊಡುವ ಅಂಟು

ಹಾಗಾದರೆ ಅಪಾಯ ಎಲ್ಲಿದೆ? ಕೊಂಡಿಯಾಗಿ ಕೂತ ಫಾರ್ಮಾಲ್ಡಿಹೈಡ್ ನಿರುಪದ್ರವಿ. ಕೊಂಡಿಯಾಗದೆ ಉಳಿದದ್ದು, ಇಲ್ಲವೇ ಕೊಂಡಿ ಬಿಟ್ಟು ಹೊರಬಂದದ್ದು ಮತ್ತೊಂದನ್ನು ಹಿಡಿಯಲು ಹುಡುಕುತ್ತದೆ. ಫೀನಾಲ್ ಅಂಟಿನಲ್ಲಿ ಕಾರ್ಬನ್ನಿಗೆ ಕಾರ್ಬನ್ನೇ ಬೆಸೆದಿರುವುದರಿಂದ ಕೊಂಡಿ ಗಟ್ಟಿ. ಯೂರಿಯಾ ಅಂಟಿನಲ್ಲಿ ಕಾರ್ಬನ್ ಮತ್ತು ನೈಟ್ರೋಜನ್ ನಡುವಿನ ಕೊಂಡಿ. ತೇವ ಮತ್ತು ಬಿಸಿ ತಾಕಿದರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಹೊಸ ಬೀರು ತೆರೆದಾಗ ಮೂಗಿಗೆ ಬರುವ ಆ 'ಹೊಸ ವಾಸನೆ' ತಿಂಗಳುಗಟ್ಟಲೆ ಇರುವುದು ಇದಕ್ಕೇ.

ನನ್ನ ದೊಡ್ಡಮ್ಮನ ಮಗ ಬೆಂಗಳೂರಿನಲ್ಲಿ ಇಂಟೀರಿಯರ್ ಕೆಲಸ ಮಾಡುತ್ತಾನೆ. ಅಪಾರ್ಟ್‌ಮೆಂಟಿನ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಎಂಡಿಎಫ್ ಕೊಯ್ಯುವುದು, ರಾತ್ರಿ ಅಲ್ಲೇ ಮಲಗುವುದು. ಹಬ್ಬಕ್ಕೆ ಬಂದಾಗ ಕಣ್ಣು ಕೆಂಪಗಿದ್ದದ್ದು ನೋಡಿ, "ಅಣ್ಣಾ, ಉರಿಯಲ್ವಾ?" ಎಂದು ಕೇಳಿದೆ. "ಮೊದ್ಲು ಉರೀತಿತ್ತು ಕಣೇ, ಈಗ ವಾಸನೆನೇ ಬರಲ್ಲ, ಅಭ್ಯಾಸ ಆಗೋಗಿದೆ" ಎಂದ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅಭ್ಯಾಸವಾದದ್ದು ಮೂಗಿಗೆ ಮಾತ್ರ. ವಾಸನೆ ತಿಳಿಯುವ ಶಕ್ತಿ ದಣಿಯುತ್ತದೆ. ಅನಿಲ ಕೋಣೆಯಲ್ಲಿ ಇದ್ದಷ್ಟೇ ಇರುತ್ತದೆ. ನೀರಿನಲ್ಲಿ ಸುಲಭವಾಗಿ ಕರಗುವ ಗುಣದಿಂದಾಗಿ ಅದು ಮೂಗು, ಗಂಟಲಿನ ತೇವದಲ್ಲೇ ಕರಗಿ ಅಲ್ಲಿನ ಪ್ರೋಟೀನು, ಡಿಎನ್‌ಎಗಳನ್ನು ಹೊಲಿಯುತ್ತದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಅದರಲ್ಲಿ ಮುಖ್ಯ.

ಮನೆಯೊಳಗಿನ ಗಾಳಿಯ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಅಮೆರಿಕದಲ್ಲಿ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಮನೆ ಕಳೆದುಕೊಂಡವರಿಗೆ ಸರ್ಕಾರ ಚಕ್ರದ ಮೇಲಿನ ತಾತ್ಕಾಲಿಕ ಮನೆಗಳನ್ನು ಕೊಟ್ಟಿತು. ಒಳಗೆಲ್ಲ ಮರದ ಪುಡಿ ಒತ್ತಿ ಮಾಡಿದ ಹಲಗೆಗಳು. ಕಣ್ಣುರಿ, ಕೆಮ್ಮು, ತಲೆನೋವಿನ ದೂರುಗಳು ಬಂದ ಮೇಲೆ 519 ಮನೆಗಳ ಗಾಳಿಯನ್ನು ಪರೀಕ್ಷಿಸಲಾಯಿತು. ನೂರು ಕೋಟಿ ಭಾಗ ಗಾಳಿಯಲ್ಲಿ ಸರಾಸರಿ 77 ಭಾಗ ಫಾರ್ಮಾಲ್ಡಿಹೈಡ್ ಇತ್ತು. ಕೆಲವು ಮನೆಗಳಲ್ಲಿ ಅದರ ಹಲವು ಪಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಮನೆಯೊಳಗಿನ ಮಿತಿ ಒಂದು ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ, ಅಂದರೆ ಸುಮಾರು 80 ಭಾಗ. ಮಿತಿಯ ಅಂಚಿನ ಗಾಳಿಯಲ್ಲಿ, ಮಿತಿ ಮೀರಿದ ಗಾಳಿಯಲ್ಲಿ ಜನ ತಿಂಗಳುಗಟ್ಟಲೆ ಮಲಗಿದ್ದರು. 2010ರಲ್ಲಿ ಅಮೆರಿಕ ಹಲಗೆಗಳಿಂದ ಹೊರಬರುವ ಫಾರ್ಮಾಲ್ಡಿಹೈಡ್‌ಗೆ ಮಿತಿ ಹಾಕುವ ಕಾನೂನು ತಂದಿತು.

ಕಾನೂನು ಬಂದಾಗ ಉತ್ತರ ಕೊಟ್ಟದ್ದು ರಸಾಯನಶಾಸ್ತ್ರವೇ. ಹಿಂದೆ ಒಂದು ಪಾಲು ಯೂರಿಯಾಕ್ಕೆ ಒಂದೂವರೆಗಿಂತ ಹೆಚ್ಚು ಪಾಲು ಫಾರ್ಮಾಲ್ಡಿಹೈಡ್ ಹಾಕುತ್ತಿದ್ದರು. ಅಂಟು ಬೇಗ ಹಿಡಿಯುತ್ತಿತ್ತು, ಮಿಕ್ಕಿದ್ದು ಗಾಳಿಗೆ ಹೋಗುತ್ತಿತ್ತು. ಈಗ ಕಡಿಮೆ ಹೊರಸೂಸುವ ಹಲಗೆಗೆ ಆ ಪ್ರಮಾಣ ಒಂದಕ್ಕೆ ಒಂದರ ಹತ್ತಿರ ಬಂದಿದೆ. ಜೊತೆಗೆ ಸ್ವಲ್ಪ ಮೆಲಮೈನ್ ಬೆರೆಸುತ್ತಾರೆ. ಹಲಗೆಯ ಮೇಲೆ 'ಇ-1' ಎಂಬ ಗುರುತು ಕಂಡರೆ ಹೊರಸೂಸುವಿಕೆ ನಿಗದಿತ ಮಿತಿಯೊಳಗಿದೆ ಎಂದು ಅರ್ಥ. ಪ್ಲೈವುಡ್ ತಂತ್ರಜ್ಞಾನದ ಸಂಶೋಧನೆ ಮತ್ತು ತರಬೇತಿಗೆಂದೇ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಎಂಬುದು ನಮ್ಮ ಬಹುತೇಕ ಎಂಜಿನಿಯರಿಂಗ್ ಗೆಳೆಯರಿಗೆ ಗೊತ್ತಿಲ್ಲ.

ಮೀನು ಮತ್ತು ಕಳ್ಳಬಟ್ಟಿ

2018ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಬೆರೆತ ಮೀನಿನ ದೊಡ್ಡ ದೊಡ್ಡ ಲೋಡುಗಳು ಸಿಕ್ಕಿಬಿದ್ದವು. ಗೋವಾ ಹೊರಗಿನ ಮೀನು ಬರದಂತೆ ಕೆಲಕಾಲ ತಡೆಹಾಕಿತು. ನಮ್ಮ ಕರಾವಳಿಯಲ್ಲೂ ಗಾಬರಿ ಹುಟ್ಟಿತು. ಆಹಾರಕ್ಕೆ ಫಾರ್ಮಲಿನ್ ಹಾಕಲು ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಹಾಗೆಂದು ಮೀನಿನಲ್ಲಿ ಫಾರ್ಮಾಲ್ಡಿಹೈಡ್‌ನ ಅಂಶ ಸಿಕ್ಕ ಮಾತ್ರಕ್ಕೆ ಕಲಬೆರಕೆ ಎನ್ನಲಾಗದು. ಕೆಲವು ಸಮುದ್ರ ಮೀನುಗಳಲ್ಲಿ ಸತ್ತ ಮೇಲೆ ಅದು ತಾನಾಗಿಯೂ ಸ್ವಲ್ಪ ಹುಟ್ಟುತ್ತದೆ. ಅದಕ್ಕೇ ಪ್ರಮಾಣ ಅಳೆಯಬೇಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಮೀನಿನ ಮೇಲೆ ಉಜ್ಜಿ ನೋಡಬಹುದಾದ ಪರೀಕ್ಷಾ ಪಟ್ಟಿಯನ್ನೇ ತಯಾರಿಸಿದೆ.

ಕಳ್ಳಬಟ್ಟಿ ದುರಂತಗಳ ಹಿಂದೆಯೂ ಇದೇ ಅಣುವಿದೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮೆಥನಾಲ್ ಹೊಟ್ಟೆಗೆ ಹೋದರೆ ಪಿತ್ತಜನಕಾಂಗ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಮಾಡುತ್ತದೆ, ತಕ್ಷಣ ಫಾರ್ಮಿಕ್ ಆಮ್ಲ ಮಾಡುತ್ತದೆ. ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ, ಉಸಿರು ನಿಲ್ಲಿಸುತ್ತದೆ. ಕಾರ್ಖಾನೆಯಲ್ಲಿ ಬೆಳ್ಳಿ ಮಾಡುವ ಕೆಲಸವನ್ನೇ ದೇಹದೊಳಗೆ ಒಂದು ಕಿಣ್ವ ಮಾಡುತ್ತದೆ. ಅಲ್ಲಿ ತಣಿಸಿ ನೀರಿಗಿಳಿಸುವ ವ್ಯವಸ್ಥೆ ಇದೆ, ಇಲ್ಲಿ ಇಲ್ಲ.

ಕೆಲಸ ಹುಡುಕುವ ನಮಗೆ

ಜಗತ್ತು ವರ್ಷಕ್ಕೆ ಕೋಟಿಗಟ್ಟಲೆ ಟನ್ ಫಾರ್ಮಲಿನ್ ತಯಾರಿಸುತ್ತದೆ. ಪ್ಲೈವುಡ್, ಲ್ಯಾಮಿನೇಟ್, ಬಟ್ಟೆ, ಔಷಧ, ಬಣ್ಣ, ಗೊಬ್ಬರ, ವಾಹನದ ಬಿಡಿಭಾಗ ಎಲ್ಲ ಕಡೆಯೂ ಇದು ಬೇಕು. ಸಾಫ್ಟ್‌ವೇರ್ ಬಿಟ್ಟರೆ ಕೆಲಸವೇ ಇಲ್ಲ ಎಂದು ಕೈಚೆಲ್ಲುವ ಕೋರ್ ಬ್ರಾಂಚ್ ಗೆಳೆಯರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು. ಘಟಕ ನಡೆಸುವವರು, ಗುಣಮಟ್ಟ ಪರೀಕ್ಷಿಸುವವರು, ಸುರಕ್ಷತೆ ನೋಡಿಕೊಳ್ಳುವವರು, ಗಾಳಿಯ ಮಾದರಿ ಅಳೆಯುವವರು, ಪರಿಸರ ಅನುಮತಿಯ ಕಡತ ಸಿದ್ಧಪಡಿಸುವವರು, ಎಲ್ಲರೂ ಬೇಕು.

ಕೊನೆಯದನ್ನು ಸುಮ್ಮನೆ ಹೇಳಲಿಲ್ಲ. ಪರಿಸರ ಪೂರ್ವಾನುಮತಿ ಇಲ್ಲದೆ ನಡೆಯುತ್ತಿದ್ದ ಹರಿಯಾಣದ ಫಾರ್ಮಾಲ್ಡಿಹೈಡ್ ಘಟಕಗಳು ಕೆಲಸ ಮಾಡುವಂತಿಲ್ಲ ಎಂದು 2021ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. ನೂರಾರು ಜನರ ಜೀವನೋಪಾಯವಾಗಿರುವ, ಅನುಮತಿಗೆ ಅರ್ಜಿ ಹಾಕಿರುವ ಘಟಕಗಳನ್ನು ಆ ತಾಂತ್ರಿಕ ಲೋಪವೊಂದಕ್ಕೇ ಮುಚ್ಚಬೇಕಿಲ್ಲ ಎಂದು 2022ರ ಮಾರ್ಚ್‌ನಲ್ಲಿ ಕೋರ್ಟ್ ಹೇಳಿತು. ಗಾಳಿ ಮುಖ್ಯವೋ ಅನ್ನ ಮುಖ್ಯವೋ ಎಂಬ ಪ್ರಶ್ನೆ ಇದು. ಆ ಎರಡನ್ನೂ ಎದುರಾಳಿಗಳಾಗಿ ನಿಲ್ಲಿಸುವ ಸ್ಥಿತಿ ಬರದಂತೆ ಘಟಕವನ್ನು ಮೊದಲೇ ಕಟ್ಟುವುದು ಎಂಜಿನಿಯರ್‌ಗಳ ಕೆಲಸ ಎಂದು ನನಗನ್ನಿಸುತ್ತದೆ.

ಅಲ್ಲಿಯವರೆಗೆ ನಾವು ಮಾಡಬಹುದಾದ ಸಣ್ಣ ಕೆಲಸಗಳಿವೆ. ಹೊಸ ಪೀಠೋಪಕರಣ ಕೊಂಡರೆ 'ಇ-1' ಗುರುತು ಇದೆಯೇ ಕೇಳಿ. ಮೊದಲ ಕೆಲವು ವಾರ ಕಿಟಕಿ ತೆರೆದಿಡಿ. ಹಲಗೆಯ ಕೊಯ್ದ ಅಂಚುಗಳಿಗೆ ಪಟ್ಟಿ ಅಂಟಿಸಿ, ಹೆಚ್ಚು ಅನಿಲ ಹೊರಬರುವುದು ಅಲ್ಲಿಂದ. ಫಾರ್ಮಲಿನ್ ಬಳಸುವಲ್ಲಿ ಬಟ್ಟೆಯ ಮಾಸ್ಕಾಗಲಿ ಆಸ್ಪತ್ರೆಯ ನೀಲಿ ಮಾಸ್ಕಾಗಲಿ ಅನಿಲವನ್ನು ತಡೆಯುವುದಿಲ್ಲ. ಮುಖಕ್ಕೆ ಕಟ್ಟಿದ ಒದ್ದೆ ಟವೆಲ್ ಕೂಡ ಸಾಲದು. ಫಾರ್ಮಾಲ್ಡಿಹೈಡ್‌ಗೆ ತಕ್ಕ ಕಾರ್ಟ್ರಿಡ್ಜ್ ಇರುವ ಮಾಸ್ಕ್, ಕನ್ನಡಕ, ಕೈಗವಸು ಬೇಕು. ಕಳೆದ ಬೆಳೆಯ ಹೊತ್ತಿಗೆ ನಮ್ಮ ಮನೆಗೆ ಇವನ್ನು ತಂದೆವು. "ಹುಳಕ್ಕಿಂತ ನಮಗೇ ಜಾಸ್ತಿ ಖರ್ಚಾಯ್ತಲ್ಲಮ್ಮ" ಎಂದು ಅಪ್ಪ ನಕ್ಕರೂ ಹಾಕಿಕೊಂಡರು. ಅಣ್ಣನಿಗೂ ಒಂದು ಕಳಿಸಿದ್ದೇನೆ. ಮಲಗುವುದಕ್ಕೆ ಬೇರೆ ಕೋಣೆ ಕೇಳು ಎಂದೂ ಹೇಳಿದ್ದೇನೆ.

ಇದನ್ನು ಓದುತ್ತಿರುವ ನೀವು ನಾಳೆ ಕಾರ್ಖಾನೆಗೋ, ಲ್ಯಾಬಿಗೋ, ಅನಾಟಮಿ ವಿಭಾಗಕ್ಕೋ, ಫರ್ನಿಚರ್ ಕಂಪನಿಗೋ ಸೇರಬಹುದು. ಪ್ರತಿ ರಾಸಾಯನಿಕಕ್ಕೂ ಸೇಫ್ಟಿ ಡೇಟಾ ಶೀಟ್ ಎಂಬ ಕಾಗದ ಇರುತ್ತದೆ. ಅದು ಏನು, ಎಷ್ಟಾದರೆ ಅಪಾಯ, ತಾಕಿದರೆ ಏನು ಮಾಡಬೇಕು ಎಲ್ಲ ಅದರಲ್ಲಿದೆ. ಕೆಲಸಕ್ಕೆ ಸೇರಿದ ಮೊದಲ ದಿನ ಆಫರ್ ಲೆಟರ್ ಜೊತೆಗೆ ಆ ಕಾಗದವನ್ನೂ ಕೇಳಿ ಓದಿ. ನಿಮ್ಮ ಪಕ್ಕದಲ್ಲಿ ಓದಲು ಬಾರದವರು ಕೆಲಸ ಮಾಡುತ್ತಿದ್ದರೆ, ಅದರಲ್ಲಿರುವುದನ್ನು ಅವರ ಭಾಷೆಯಲ್ಲಿ ಅವರಿಗೂ ಹೇಳಿ.